ಎಲ್ಲೆ ದಾಟಿದ ಕೊಂಬೆ

ಮೊದಲ ಮಳೆ ಬಿದ್ದ ಮರುದಿನ ಮಾಳಿಗೆಯ ಮೇಲೆ ಕಲ್ಲು ಉರುಳಿಸದ ಮನೆ ನಮ್ಮ ಕಡೆ ಒಂದೂ ಇಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಮಣ್ಣು ಹಸಿಯಾಗಿರುವಾಗಲೇ ಗುಂಡುಗಲ್ಲಿಗೆ ಹಗ್ಗ ಕಟ್ಟಿ, ಅತ್ತಿಂದಿತ್ತ ಎಳೆದು ದಮ್ಮಸು ಮಾಡಬೇಕು. ಮಾಡದಿದ್ದರೆ ಎರಡನೆಯ ಮಳೆ ನೇರ ಹಾಸಿಗೆಗೇ ಬರುತ್ತದೆ. ಅಟಾರಾ ಅವತ್ತು ಮಾಡುತ್ತಿದ್ದದ್ದು ಅದೇ ಕೆಲಸ. ಗಂಡ ಜ್ವರದಲ್ಲಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಪ್ಪನ ಮುಖ ಕಾಣದೆ ಹುಟ್ಟಿದ ಕೂಸು ಯಾಮೀನನಿಗೆ ಐದು ತಿಂಗಳು. ಬಾವ ಗಾರೇಬನ ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದಳು, ಆದರೆ ಕೂತು ತಿನ್ನುವವಳಲ್ಲ.

"ಚಿಕ್ಕಮ್ಮಾ" ಎಂದು ಕೆಳಗಿನಿಂದ ಕೂಗಿದವನು ಗಾರೇಬನ ಒಬ್ಬನೇ ಮಗ ಏಫೆರ. ಆರು ವರ್ಷದವನು. ಅಟಾರಾ ತಿರುಗಿದಳು. ಕೈಗೆ ಮಣ್ಣು ಮೆತ್ತಿತ್ತು, ಹಗ್ಗ ಒದ್ದೆಯಾಗಿತ್ತು, ಜಾರಿಹೋಯಿತು. ನೀರು ಹರಿಯಲೆಂದು ಮಾಳಿಗೆ ಆ ಬದಿಗೆ ಇಳಿಜಾರು. ಮಾಳಿಗೆಯ ಅಂಚಿಗೆ ಕಟ್ಟೆ ಕಟ್ಟು, ನಿನ್ನ ಮನೆಯ ಮೇಲೆ ರಕ್ತದ ದೋಷ ತಂದುಕೊಳ್ಳಬೇಡ ಎಂದು ಮೋಶೆಯ ಕಾಲದಿಂದಲೂ ನಮಗೆ ಹೇಳುತ್ತಾ ಬಂದಿದ್ದಾರೆ. ಗಾರೇಬನ ಮಾಳಿಗೆಗೂ ಹಿಂದಿನ ವರ್ಷದವರೆಗೆ ಕಟ್ಟೆ ಇತ್ತು. ಅವತ್ತು ಇರಲಿಲ್ಲ. ಕಲ್ಲು ಅಂಚು ದಾಟಿ ಹೋಯಿತು.

ಏಫೆರ ಹೊಸ್ತಿಲಿಗೆ ಅಡ್ಡಲಾಗಿ ಬಿದ್ದಿದ್ದ. ಅವನ ತಾಯಿ ತಿರ್ಚಾ ಕೈಯಲ್ಲಿ ಸೌಟು ಹಿಡಿದವಳು ಹಿಡಿದ ಹಾಗೇ ಬಂದು ಮಗನ ಪಕ್ಕ ಕುಕ್ಕರಿಸಿದಳು. ಅಟಾರಾ ಏಣಿ ಇಳಿದು ಬಂದು ನಿಂತಳು. ಒಳಗೆ ತೊಟ್ಟಿಲಲ್ಲಿ ಯಾಮೀನ ಮಲಗಿದ್ದ. ಆ ಹೊಸ್ತಿಲು ದಾಟಿ, ಆ ಹುಡುಗನನ್ನು ದಾಟಿ ಒಳಗೆ ಹೋಗಿ ತನ್ನ ಕೂಸನ್ನು ಎತ್ತಿಕೊಂಡು ಬರುವ ಕಾಲು ಯಾವ ಹೆಂಗಸಿಗಿದೆ ಹೇಳಿ. ಪಕ್ಕದ ಮನೆಯ ಮುದುಕಿ ಬೇಲಿಯಾಚೆಯಿಂದಲೇ ಪಿಸುಗುಟ್ಟಿದಳು. "ಓಡೇ. ನಿನ್ನ ಬಾವ ಹೊಲದಿಂದ ಬರೋ ಮುಂಚೆ ಓಡು. ಲಿಬ್ನಕ್ಕೆ ಹೋಗು. ಆಮೇಲೆ ಅಳೋವಂತೆ."

ಸತ್ತವನ ರಕ್ತಕ್ಕೆ ಅತಿ ಹತ್ತಿರದ ನೆಂಟನೇ ವಾರಸುದಾರ. ಬೇಕೆಂದು ಕೊಂದಿದ್ದರೂ ಅಷ್ಟೇ, ಕೈತಪ್ಪಿ ಕೊಂದಿದ್ದರೂ ಅಷ್ಟೇ, ದಾರಿಯಲ್ಲಿ ಸಿಕ್ಕರೆ ಅವನು ಹೊಡೆಯಬಹುದು. ಕೈತಪ್ಪಿದವರಿಗೆ ಇರುವ ಒಂದೇ ದಿಕ್ಕು, ದೇವಾಲಯದ ಸೇವೆಗೆ ನಿಂತ ಲೇವಿಯರ ಊರು; ನಮ್ಮ ಕಡೆಗೆ ಅದು ಲಿಬ್ನ. ಅಟಾರಾ ಕಾಲಿಗೆ ಬುದ್ಧಿ ಹೇಳಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಆದರೂ ಪ್ರತಿ ಕವಲುದಾರಿಯಲ್ಲೂ ಕಂಬಕ್ಕೆ ಹೊಡೆದ ಹಲಗೆಯ ಮೇಲಿನ ಆ ಅಕ್ಷರಗಳ ಆಕಾರ ನಮ್ಮಲ್ಲಿ ಕೂಸುಗಳಿಗೂ ಗೊತ್ತು. ಮಿಕ್ಲಾತ್, ಅಂದರೆ ಆಸರೆ. ಅದು ತೋರಿಸಿದ ಕಡೆ ಓಡಿದಳು. ಅರ್ಧ ದಾರಿಯಲ್ಲಿ ಎದೆ ಸೋರತೊಡಗಿತು. ಕೂಸು ಎದ್ದಿದೆ, ಹಸಿದಿದೆ ಎಂದು ಅವಳ ಮೈಗೆ ಅವಳಿಗಿಂತ ಮೊದಲೇ ಗೊತ್ತಾಗಿತ್ತು.

ಲಿಬ್ನದ ಬಾಗಿಲಲ್ಲಿ ಮಹ್ಲಿ ಎಂಬ ಮುದುಕ ಲೇವಿ ಕೂತಿರುತ್ತಿದ್ದ. ಕೆಮ್ಮು ಅವನ ಕೂಡಹುಟ್ಟು. ಬಂದವರನ್ನು ಅವನು ಕೇಳುವುದು ಒಂದೇ ಮಾತು, ಅದಕ್ಕೆ ಕೊಡಬೇಕಾದ ಉತ್ತರವೂ ಒಂದೇ. ಬಚ್ಚಿಟ್ಟುಕೊಂಡು ಒಳಗೆ ಬರುವ ಹಾಗಿಲ್ಲ. 'ನಾನು ಕೊಂದವನು' ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಊರಿನವರು ಯಾರಾದರೂ ಒಬ್ಬರು 'ಆದರೂ ಬಾ' ಅನ್ನಬೇಕು. ಆ ಎರಡು ಮಾತು ಬೀಳದೆ ಆ ಊರಿನಲ್ಲಿ ಯಾರೂ ಯಾರಿಗೂ ಚಾಪೆ ಹಾಸಿಕೊಡುವುದಿಲ್ಲ.

"ಯಾರಮ್ಮ ನೀನು?"

ಅಟಾರಾಳ ನಾಲಿಗೆ ಒಣಗಿ ಅಂಟಿಕೊಂಡಿತ್ತು. "ಕೊಂದವಳು" ಅಂದಳು.

ಬಾಗಿಲ ಪಕ್ಕದಲ್ಲಿ ಈರುಳ್ಳಿ ಬಿಡಿಸುತ್ತಿದ್ದ ಒಬ್ಬ ಹೆಂಗಸು ತಲೆ ಎತ್ತದೆಯೇ, "ಆದರೂ ಬಾ" ಅಂದುಬಿಟ್ಟಳು. ದಿನಾ ಹೇಳಿ ಅಭ್ಯಾಸವಾದವಳ ಹಾಗೆ. ಆಮೇಲೆ ಅಟಾರಾಳ ಎದೆಯ ಮೇಲೆ ಒದ್ದೆಯಾಗಿದ್ದ ಬಟ್ಟೆ ನೋಡಿ ಈರುಳ್ಳಿ ಕೆಳಗಿಟ್ಟಳು.

ಹಿರಿಯರು ಕೂತು ವಿಚಾರಿಸಿದರು. ಹಗೆ ಇತ್ತೇ? "ಮೊನ್ನೆ ಅವನಿಗೆ ಹೊಟ್ಟೆನೋವು ಬಂದಾಗ ಎಣ್ಣೆ ತಿಕ್ಕಿದ್ದು ನಾನೇ." ಹುಡುಗ ಅಲ್ಲಿ ಇರುವುದು ಗೊತ್ತಿತ್ತೇ? "ಅವನು ಕೂಗೋವರೆಗೂ ಇಲ್ಲ." ಅವನು ಯಾಕೆ ಬಂದಿದ್ದ? ಅಟಾರಾ ಕೈಯ ಮೇಲೆ ಒಣಗಿದ್ದ ಮಣ್ಣು ಕೆರೆದಳು. "ಆಡ್ತಾ ಬಂದಿರ್ಬೇಕು" ಅಂದಳು. ಕೈತಪ್ಪಿ ಆದ ಕೊಲೆ ಎಂದು ತೀರ್ಮಾನವಾಯಿತು. ಕಟ್ಟಳೆಯಂತೆ, ಯೆರೂಸಲೇಮಿನ ದೇವಾಲಯದ ಮಹಾಯಾಜಕ ಸಾಯುವ ತನಕ ಅವಳು ಇಲ್ಲೇ ಇರಬೇಕು. ಅವನು ಸತ್ತ ದಿನ ಇಂಥವರೆಲ್ಲ ನಿರ್ಭಯವಾಗಿ ಮನೆಗೆ ಹೋಗಬಹುದು.

ಮಹ್ಲಿ ಅವಳ ಮುಂದೆ ರೊಟ್ಟಿ ಇಟ್ಟ. "ತಿನ್ನು. ಮಹಾಯಾಜಕರ ತಾಯಿ ಕಳ್ಸಿರೋದು. ತನ್ನ ಮಗ ಬೇಗ ಸಾಯ್ಲಿ ಅಂತ ನೀವ್ಯಾರೂ ಹಾರೈಸ್ಬಾರ್ದು ನೋಡು, ಅದಕ್ಕೇ ಮುದುಕಿ ತಪ್ಪದೆ ಕಳಿಸ್ತಾಳೆ. ತಾಯಿ ಕರುಳು."

ತಾಯಿ ಕರುಳು ಅಂದದ್ದೇ ತಡ, ಅಟಾರಾ ರೊಟ್ಟಿ ಬಿಟ್ಟು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತಳು. "ನನ್ನ ಕೂಸು ಅಲ್ಲೇ ಉಳೀತು ತಾತ. ಮೇಕೆ ಹಾಲು ಅವನಿಗೆ ಆಗಲ್ಲ. ಕಕ್ಕಿಬಿಡ್ತಾನೆ. ನಾನು ಬದುಕ್ಕೊಂಡು ಏನು ಮಾಡ್ಲಿ?"

ಮಹ್ಲಿ ರೊಟ್ಟಿಯನ್ನು ಎತ್ತಿ ಒರೆಸಿ ಮತ್ತೆ ಅವಳ ಮುಂದಿಟ್ಟ. ಕೆಮ್ಮಿದ.

ಎರಡು ದಿನದಲ್ಲಿ ಎದೆ ಕಲ್ಲಾಯಿತು. ಈರುಳ್ಳಿಯ ಹೆಂಗಸು ಬಿಸಿ ಬಟ್ಟೆ ಒತ್ತಿ ಹಾಲು ಹಿಂಡಿಸುತ್ತಿದ್ದಳು. ಬೂದಿಯ ಮೇಲೆ ಬೀಳುತ್ತಿದ್ದ ಆ ಹಾಲನ್ನು ನೋಡುತ್ತಾ ಅಟಾರಾ ಹಲ್ಲು ಕಡಿಯುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಸುದ್ದಿ ಬಂತು. ಗಾರೇಬ ಹೆಂಡತಿಯನ್ನೂ ಕೂಸನ್ನೂ ಕರೆತಂದು, ಊರಿನ ಎಲ್ಲೆಯ ಆಚೆ ದ್ರಾಕ್ಷಿ ತೋಟದ ಕಾವಲು ಗುಡಿಸಲಲ್ಲಿ ಇಳಿದಿದ್ದಾನೆ.

ಊರ ಗೋಡೆಯಿಂದ ಎರಡು ಸಾವಿರ ಮೊಳ ಹೊರಗೆ ಸುಣ್ಣ ಬಳಿದ ಎಲ್ಲೆಗಲ್ಲುಗಳ ಸಾಲಿದೆ. ಅದರ ಒಳಗೆ ಲಿಬ್ನದ ಆಸರೆ. ಒಂದು ಹೆಜ್ಜೆ ಆಚೆ ಹೋದರೆ ಹೇಳುವವರು ಕೇಳುವವರು ಯಾರೂ ಇಲ್ಲ. ಅಟಾರಾ ಓಡಿಹೋಗಿ ಕಲ್ಲಿನ ಬಳಿ ನಿಂತಳು. ಆಚೆ ತಿರ್ಚಾ ನಿಂತಿದ್ದಳು, ತೋಳಿನಲ್ಲಿ ಯಾಮೀನ. ಕೂಸಿನ ಕೆನ್ನೆ ಬತ್ತಿತ್ತು. ಅಳುತ್ತಿರಲಿಲ್ಲ, ಕುಂಯಿಗುಡುತ್ತಿತ್ತು. ಅಳುವ ಕೂಸಿಗಿಂತ ಅಳದ ಕೂಸು ಹೆದರಿಸುತ್ತದೆ.

"ಅಕ್ಕ, ಕೊಡಕ್ಕ" ಎಂದು ಅಟಾರಾ ಎರಡೂ ಕೈ ಚಾಚಿದಳು. ಕೊಡಲಿ ಬಿದ್ದದ್ದು ಅವಳ ಬೆರಳಿಗೆ ಗೇಣು ದೂರದಲ್ಲಿ. ದ್ರಾಕ್ಷಿ ಬಳ್ಳಿಯ ಮರೆಯಲ್ಲಿ ಕೂತು ಅದನ್ನು ಎಸೆದ ಗಾರೇಬ ಎದ್ದು ನಿಂತ. ಕೊಡಲಿಯ ಕಾವಿಗೆ ಏಫೆರನ ಪುಟ್ಟ ನಡುಕಟ್ಟು ಸುತ್ತಿತ್ತು. ಅಟಾರಾ ಹಿಂದಕ್ಕೆ ಬಿದ್ದಳು.

"ಹೊರಗೆ ಬಂದ ಕೈ ಹೊರಗಿನ ಕೈಯೇ" ಅಂದ ಗಾರೇಬ. "ಕೂಸು ನನ್ನ ತಮ್ಮನ ಹೆಸರು ಹೇಳೋ ಕೂಸು. ಅದು ಈ ಕಲ್ಲು ದಾಟಲ್ಲ. ಹಾಲು ಕುಡಿಸ್ಬೇಕಾ? ಬಾ, ಕುಡ್ಸು. ಬೇಡ ಅಂದೋರ್ಯಾರು?"

"ಅಕ್ಕ, ನೀನಾದ್ರೂ ಹೇಳಕ್ಕ."

ತಿರ್ಚಾ ಅವಳ ಮುಖ ನೋಡಲಿಲ್ಲ. "ಆಣೆ ಹಾಕಿಸ್ಕೊಂಡಿದಾರೆ. ಯೆಹೋವನ ಆಣೆ. ಕೂಸು ಎಲ್ಲೆ ದಾಟ್ಬಾರ್ದು ಅಂತ. ಹಾಗಂದ್ಮೇಲೇ ಇಲ್ಲಿವರೆಗೆ ತರೋಕೆ ಬಿಟ್ಟಿದ್ದು." ಅಷ್ಟು ಹೇಳಿ ಸೆರಗಿನಿಂದ ಕೂಸಿನ ಮುಖ ಮುಚ್ಚಿಕೊಂಡು ಹೋದಳು.

ಅತ್ತ ದರಿ, ಇತ್ತ ಪುಲಿ. ಹೊರಗೆ ಹೋದರೆ ತಾನು ಸಾಯುತ್ತಾಳೆ, ಆಮೇಲೆ ಕೂಸೂ ಹಾಲಿಲ್ಲದೆ ಸಾಯುತ್ತದೆ. ಹೋಗದಿದ್ದರೆ ಕೂಸು ಸಾಯುವುದನ್ನು ಕಲ್ಲಿನ ಈಚೆ ನಿಂತು ನೋಡಬೇಕು. ಆಸರೆಯ ಊರಂತೆ. ಸುಡುಗಾಡು ಆಸರೆ. ಅಟಾರಾ ಬಾಗಿಲಿಗೆ ಬಂದು ಮಹ್ಲಿಯ ಮೇಲೆ ಹರಿಹಾಯ್ದಳು. "ದಾರಿದಾರೀಲಿ ಹಲಗೆ ಹೊಡೆದಿದ್ದೀರಲ್ಲ, ಮಿಕ್ಲಾತ್ ಮಿಕ್ಲಾತ್ ಅಂತ. ಏನು ಹಾಗಂದ್ರೆ? ತಾಯೀನ ಒಳಗಿಟ್ಟು ಕೂಸನ್ನ ಹೊರಗಿಡೋದಾ? ಈ ಗೋಡೆ ತಗೊಂಡು ನಾನೇನು ನೆಕ್ಕಲಾ?"

ಮುದುಕ ಬೇಜಾರು ಮಾಡಿಕೊಳ್ಳಲಿಲ್ಲ. "ಗೋಡೆ ಅಂತ ಯಾರು ಹೇಳಿದ್ರು ನಿಂಗೆ? ನಮ್ಮಜ್ಜ ಹೇಳೋರು, ಮಿಕ್ಲಾತ್ ಅಂದ್ರೆ ಒಳಗೆ ತಗೊಳ್ಳೋದು ಅಂತ. ಒಣಗಿದ ನೆಲ ಮಳೆನ ತಗೊಳ್ಳಲ್ವಾ, ಹಾಗೆ. ತಗೊಳ್ಳೋರಿಲ್ದಿದ್ರೆ ಗೋಡೆ ಬರೀ ಗೋಡೆ, ಕುರಿದೊಡ್ಡಿಗೂ ಇರತ್ತೆ." ಕೆಮ್ಮು ಬಂತು. ಕೆಮ್ಮಿ ಮುಗಿಸಿದವನು ಎಲ್ಲೆಯ ಕಡೆ ಕೈ ತೋರಿಸಿದ. "ಅಲ್ಲಿ ಅತ್ತಿಮರ ಇದೆಯಲ್ಲ, ನೋಡಿದ್ಯಾ?"

ಗಾರೇಬನ ಗುಡಿಸಲಿನಿಂದ ಕೂಗಳತೆಯಲ್ಲಿ ಒಂದು ಹಳೆಯ ಅತ್ತಿಮರ. ಬುಡ ಎಲ್ಲೆಯಿಂದ ಹತ್ತು ಮೊಳ ಆಚೆ. ಆದರೆ ಅದರ ಒಂದು ದಪ್ಪ ಕೊಂಬೆ, ಎಮ್ಮೆ ಬೇಲಿಯ ಮೇಲೆ ಕತ್ತು ಚಾಚಿದ ಹಾಗೆ, ಎಲ್ಲೆಗಲ್ಲಿನ ಮೇಲಿಂದ ಒಳಗೆ ಬಂದಿತ್ತು. ಹಣ್ಣೆಲ್ಲ ಲಿಬ್ನದ ನೆಲಕ್ಕೇ ಬೀಳುತ್ತಿತ್ತು. ನಮ್ಮ ಹಿರಿಯರು ಇಂಥದ್ದನ್ನೂ ಬಿಡದೆ ಯೋಚಿಸಿ ಇಟ್ಟಿದ್ದಾರೆ. ಎಲ್ಲೆಯ ಮೇಲಿನ ಮರ ಕೊಂಬೆಯ ಹಿಂದೆ ಹೋಗುತ್ತದೆ. ಕೊಂಬೆ ಎಲ್ಲಿಗೆ ಚಾಚಿದೆಯೋ ಇಡೀ ಮರ ಅಲ್ಲಿಯದು. ಹಾಗಾಗಿ ಆ ಅತ್ತಿಯ ಬುಡವೂ ಆಸರೆಯೇ. ಅಲ್ಲಿ ಕೂತವಳನ್ನು ಮುಟ್ಟಿದರೆ ಅದು ಕೊಲೆ. ಕೂಸಿನ ಮಾತು ಬೇರೆ. ಆಣೆ ಎಲ್ಲೆಗಲ್ಲಿನದು. ಬುಡದಲ್ಲಿ ಕೂತ ಕೂಸು ಕಲ್ಲು ದಾಟಲಿಲ್ಲವಲ್ಲ.

ಮಹ್ಲಿ ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಹೋಗಿ ಇದನ್ನು ಗಾರೇಬನಿಗೆ ಹೇಳಿದ. ಗಾರೇಬ ಕೊಂಬೆ ನೋಡಿದ, ಬುಡ ನೋಡಿದ, ನೆಲಕ್ಕೆ ಉಗಿದ. ಆದರೆ ಕೊಡಲಿ ಎತ್ತಲಿಲ್ಲ. ಅವನು ಕೆಟ್ಟವನಾಗಿರಲಿಲ್ಲ. ದೇವರ ಮಾತೆಂದರೆ ತಲೆ ಬಾಗುವ ಗಂಡಸು. ಮಗನನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು, ಅಷ್ಟೇ.

ಅಟಾರಾ ಕೊಂಬೆಯ ನೆರಳಿನ ಕೆಳಗೇ, ಒಂದು ಬೆರಳೂ ಅತ್ತಿತ್ತ ಆಗದ ಹಾಗೆ, ನಡೆದು ಬುಡಕ್ಕೆ ಬಂದಳು. ತಿರ್ಚಾ ಕೂಸನ್ನು ಅವಳ ಮಡಿಲಿಗೆ ಹಾಕಿ, ಕಾಂಡದ ಇನ್ನೊಂದು ಬದಿಗೆ ಹೋಗಿ ಬೆನ್ನು ಮಾಡಿ ಕೂತಳು. ಯಾಮೀನ ಮೊದಲು ಬಾಯಿ ಹಾಕಲಿಲ್ಲ, ಮರೆತುಬಿಟ್ಟವನ ಹಾಗೆ. ಆಮೇಲೆ ಹಿಡಿದ. ಆ ನೋವಿಗೆ ಅಟಾರಾ ಬಿಕ್ಕಿ ಬಿಕ್ಕಿ ಅತ್ತಳು. ಸುಖಕ್ಕೂ ಅತ್ತಳು.

ಹೀಗೆ ದಿನಕ್ಕೆ ನಾಲ್ಕು ಸಲ. ಸುತ್ತಲಿನವರೆಲ್ಲ ಜವೆಗೋಧಿ ಬಿತ್ತಿ ಮುಗಿಸಿದರು. ಗಾರೇಬನ ಹೊಲ ಹಾಗೇ ಬಿದ್ದಿತ್ತು. ಅವನು ಗುಡಿಸಲ ಮುಂದೆ ಕೂತು ಮರವನ್ನೇ ನೋಡುತ್ತಿದ್ದ. ತಿರ್ಚಾ ಒಂದು ಮಾತೂ ಆಡುತ್ತಿರಲಿಲ್ಲ. ಕೂಸನ್ನು ಕೊಡುವಾಗ ಕೈಗೆ ಕೈ ತಗುಲದ ಹಾಗೆ ಕೊಡುತ್ತಿದ್ದಳು. ಅಟಾರಾಗೆ ಬೈಗುಳವಾದರೂ ಬೇಕಾಗಿತ್ತು. ಬೈದರೆ ಕಾಲಿಗೆ ಬೀಳಬಹುದು. ಮೌನದ ಕಾಲು ಎಲ್ಲಿರುತ್ತದೆ?

ಇಪ್ಪತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಂಡದ ಆ ಬದಿಯಿಂದ ದನಿ ಬಂತು.

"ಅವನು ಅವತ್ತು ಏನಾದ್ರೂ ಅಂದ್ನಾ?"

ಅಟಾರಾಳ ಕೈ ಕೂಸಿನ ತಲೆಯ ಮೇಲೆ ನಿಂತಿತು. "ಇಲ್ಲಕ್ಕ."

"ಸುಳ್ಳು ಬೊಗಳ್ಬೇಡ."

"'ಚಿಕ್ಕಮ್ಮಾ' ಅಂದ. ಅಷ್ಟೇ."

"ಅಷ್ಟೇ ಅಲ್ಲ." ತಿರ್ಚಾಳ ದನಿ ಒಣಗಿತ್ತು. "'ಅವ್ವ ಊಟಕ್ಕೆ ಕರೀತಾಳೆ' ಅಂದಿರ್ತಾನೆ. ನಾನೇ ಕಳ್ಸಿದ್ದು. ಸಾರು ಆರೋಗತ್ತೆ, ಹೋಗಿ ಚಿಕ್ಕಮ್ಮನ್ನ ಕರ್ಕೊಂಬಾ ಅಂದೆ. ಹೊರಗೆ ನಿಂತು ಕೂಗು ಅಂತ ಕೂಡ ನಾನೇ ಅಂದೆ, ಏಣಿ ಹತ್ತಿ ಎಲ್ಲಿ ಬಿದ್ಬಿಡ್ತಾನೋ ಅಂತ." ಆಮೇಲೆ ಕೇಳಿದಳು. "ಹಿರಿಯರ ಮುಂದೆ ಯಾಕೆ ಹೇಳ್ಲಿಲ್ಲ?"

"ನಿನ್ನ ಹೆಸರು ಯಾಕಕ್ಕ ಅದ್ರಲ್ಲಿ?"

ತಿರ್ಚಾ ಎದ್ದು ಕಾಂಡದ ಈ ಬದಿಗೆ ಬಂದಳು. ಕೂಸನ್ನು ವಾಪಸು ತೆಗೆದುಕೊಳ್ಳುವಾಗ ಅವಳ ಕೈ ಅಟಾರಾಳ ಕೈಯನ್ನು ಮುಟ್ಟಿತು. ತಣ್ಣಗಿತ್ತು.

ಅದಾದ ನಾಲ್ಕನೆಯ ದಿನ. ಬೆಳಗಿನ ಹಾಲು ಕುಡಿಸಿ ಬಂದು ಅಟಾರಾ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ದೂರದಲ್ಲಿ ಕೊಡಲಿಯ ಸದ್ದು. ಮಳೆಗಾಲ ಬಂತಲ್ಲ, ಯಾರೋ ಸೌದೆ ಒಟ್ಟಿಕೊಳ್ಳುತ್ತಿದ್ದಾರೆ ಎಂದುಕೊಂಡು ಬೀಸುತ್ತಲೇ ಇದ್ದಳು. ಸದ್ದು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿಯಿತು, ಕೈ ತೊಳೆದುಕೊಂಡು ಹೊರಟಳು.

ಕೊಂಬೆ ನೆಲದ ಮೇಲಿತ್ತು. ಅತ್ತಿಯ ಹಾಲು ಕಾಂಡದ ಗಾಯದಿಂದ ಇನ್ನೂ ಒಸರುತ್ತಿತ್ತು. ಎಲ್ಲೆಗಲ್ಲಿನ ಮೇಲೆ ಬಯಲು ಆಕಾಶ. ಗಾರೇಬ ಕೊಂಬೆಯ ಸಣ್ಣ ರೆಂಬೆಗಳನ್ನು ಸವರುತ್ತಾ ನಿಂತಿದ್ದ, ಮೈತುಂಬ ಬೆವರು.

ಮಹ್ಲಿಯೂ ಕೋಲೂರಿಕೊಂಡು ಬಂದ. "ಏನಪ್ಪಾ ಇದು?"

"ಜಂತಿಗೆ ಬೇಕಾಗಿತ್ತು" ಅಂದ ಗಾರೇಬ. "ಅತ್ತಿ ಕೊಂಬೆ ಜಂತಿಗೆ ಕಡಿಯೋದು ತಪ್ಪಾ? ಕಡಿದ್ರೆ ಮತ್ತೆ ಚಿಗುರತ್ತೆ. ಎಲ್ರೂ ಕಡೀತಾರೆ."

ತಪ್ಪಲ್ಲ, ಎಲ್ಲರೂ ಕಡಿಯುತ್ತಾರೆ. ಮಹ್ಲಿ ಬಗ್ಗಿ ಬಿದ್ದ ಕೊಂಬೆಯ ತುದಿ ಮುಟ್ಟಿ ನೋಡಿದ. ಅಟಾರಾ ಅವನ ತೋಳು ಹಿಡಿದು ಅಲುಗಿಸಿದಳು. "ಹೇಳು ತಾತ. ಮರ ನಮ್ದೇ ಅಂತ ಹೇಳು."

"ಮರ ಕೊಂಬೆ ಹಿಂದೆ ಹೋಗತ್ತೆ ಮಗಳೇ" ಅಂದ ಮುದುಕ. "ಕೊಂಬೆನೇ ಇಲ್ವಲ್ಲ."

ತಿರ್ಚಾ ಬುಡದಲ್ಲಿ ಕೂತಿದ್ದಳು, ದಿನವೂ ಕೂರುವ ಜಾಗದಲ್ಲೇ. ಯಾಮೀನ ತಾಯಿಯ ದನಿ ಕೇಳಿ ಅತ್ತ ತಿರುಗಿ, ಇದ್ದ ಉಸಿರನ್ನೆಲ್ಲ ಹಾಕಿ ಅಳತೊಡಗಿದ. ಹತ್ತೇ ಮೊಳ. ಅಟಾರಾಳ ಎದೆಯಿಂದ ಹಾಲು ತಾನಾಗಿ ಇಳಿದು ಹೊಟ್ಟೆಯವರೆಗೆ ನೆನೆಯಿತು. ಹಾಲು ಕಾನೂನು ಕೇಳುತ್ತದೆಯೇ? ಅವಳು ಹಾಗೇ ನಿಂತು ನೋಡಿದಳು. ಇವತ್ತು ಹೋಯಿತು ಅಂತಿಟ್ಟುಕೊಂಡರೂ ನಾಳೆ ಇದೆ, ನಾಡಿದ್ದು ಇದೆ. ಮಹಾಯಾಜಕನಿಗೆ ಇನ್ನೂ ನಲವತ್ತು ವರ್ಷವೂ ತುಂಬಿಲ್ಲವಂತೆ. ಕೂಸಿಗೆ ಅಷ್ಟು ಪುರುಸೊತ್ತಿಲ್ಲ.

"ಬಾವ" ಅಂದಳು. "ನಾನು ಬರ್ತೀನಿ. ಒಂದೇ ಒಂದು ಮಾತು ನಡೆಸ್ಕೊಡು. ಅವನು ಕುಡಿದು ಮುಗಿಸೋವರೆಗೂ ತಡಿ. ಎರಡು ಕಡೆನೂ ಕುಡೀಲಿ. ಹೊಟ್ಟೆ ತುಂಬಿ ಮಲಗಿದ ಮೇಲೆ ಅವನ್ನ ಅಕ್ಕನ ಕೈಗೆ ಕೊಡ್ತೀನಿ. ಆಮೇಲೆ ನಿನ್ನಿಷ್ಟ."

ಗಾರೇಬ ಕೊಡಲಿಯ ಕಾವಿಗೆ ಸುತ್ತಿದ್ದ ನಡುಕಟ್ಟನ್ನು ಬಿಗಿಮಾಡಿದ. "ಸರಿ" ಅಂದ.

"ಬೇಡ ಮಗಳೇ" ಅಂದ ಮಹ್ಲಿ. ಅವಳು ಕೇಳಿಸಿಕೊಳ್ಳಲಿಲ್ಲ. ತಲೆವಸ್ತ್ರ ಸರಿಮಾಡಿಕೊಂಡಳು, ಯಾರದೋ ಮನೆಗೆ ಹೊರಟವಳ ಹಾಗೆ. ಎಲ್ಲೆಗಲ್ಲಿನ ಆಚೆಗೆ ಕಾಲು ಎತ್ತಿದಳು.

"ಅಲ್ಲೇ ನಿಲ್ಲು" ಅಂದಳು ತಿರ್ಚಾ.

ಕೂಸನ್ನು ಎದೆಗವಚಿಕೊಂಡು ಅವಳು ಎದ್ದಳು. ಗಂಡನ ಹತ್ತಿರ ಹೋಗಿ, ಬಿದ್ದ ಕೊಂಬೆಯ ಈಚೆ ನಿಂತಳು. "ಒಂದು ಕೇಳ್ತೀನಿ, ಹೇಳಿ. ನಮ್ಮ ಮಾಳಿಗೆ ಕಟ್ಟೆ ಕಲ್ಲು ಎಲ್ಲಿಗೆ ಹೋಯ್ತು?"

ಗಾರೇಬ ಅವಳನ್ನು ಅರ್ಥವಾಗದವನ ಹಾಗೆ ನೋಡಿದ. ಆಮೇಲೆ ಅವನ ಮುಖ ಬಿಳಿಚಿಕೊಂಡಿತು.

"ನಾನೇ ಹೇಳ್ಲಾ? ಕುರಿದೊಡ್ಡಿಗೆ ಹೋಯ್ತು. ಹೋದ ವರ್ಷ ಬೇಸಿಗೇಲಿ ಕಿತ್ತಿರಿ. ಬಿತ್ತನೆ ಮುಗೀಲಿ ಕಟ್ತೀನಿ ಅಂದ್ರಿ, ಕುಯ್ಲು ಮುಗೀಲಿ ಕಟ್ತೀನಿ ಅಂದ್ರಿ. ಮೂರು ಸಲ ನೆನಪು ಮಾಡ್ದೆ. ನಾಲ್ಕನೇ ಸಲ ಬಾಯಿ ಬಿಡ್ಲಿಲ್ಲ, ಎಲ್ಲಿ ಬೈತೀರೋ ಅಂತ. ಅವತ್ತು ಆ ಅಂಚಿಗೆ ಕಟ್ಟೆ ಇದ್ದಿದ್ರೆ ಕಲ್ಲು ಬಡಿದು ನಿಲ್ತಿತ್ತು. ನನ್ನ ಮಗ ಸಾರು ಕುಡೀತಿದ್ದ."

"ತಿರ್ಚಾ."

"ಕಟ್ಟೆ ಕಿತ್ತೋರು ನೀವು. ಹೋಗಿ ಕರಿ ಅಂತ ಮಗನ್ನ ಅದರಡಿ ನಿಲ್ಸಿದೋಳು ನಾನು. ಹಗ್ಗ ಬಿಟ್ಟೋಳು ಅವಳು. ಮೂರು ಜನ ಸೇರಿ ಕೊಂದ್ವಿ, ಒಬ್ಳು ಮಾತ್ರ ಓಡಿದ್ಲು." ಅವಳ ದನಿ ಏರಲಿಲ್ಲ, ಅದೇ ಭಯವಾಗುವ ಹಾಗಿತ್ತು. "ಕಟ್ಟೆ ಕಿತ್ತ ಕೈಗೆ ಈಗ ಕೊಂಬೆ ಕಡಿಯೋದೂ ಬಂತು. ಇನ್ನೇನು ಉಳಿದಿದೆ ಕೀಳೋಕೆ?"

ಗಾರೇಬನ ಕೈಯಲ್ಲಿ ಕೊಡಲಿ ಇತ್ತು. ಅವನು ಅದನ್ನು ಎತ್ತಲೂ ಇಲ್ಲ, ಕೆಳಗಿಡಲೂ ಇಲ್ಲ. ತಿರ್ಚಾ ಎಲ್ಲೆಯ ಕಡೆ ಹೆಜ್ಜೆ ಹಾಕಿದಳು.

"ಆಣೆ" ಅಂದ ಅವನು. ದನಿ ಒಡೆದಿತ್ತು. "ಯೆಹೋವನ ಆಣೆ ಹಾಕಿದ್ದೀಯ."

"ಹೌದು. ಮುರೀತೀನಿ. ಆಣೆ ಮುರಿದ ಪಾಪಕ್ಕೆ ಒಂದು ಹೆಣ್ಮೇಕೆ ಬಲಿ ಕೊಟ್ರೆ ಆಯ್ತು, ಯಾಜಕ ಇದಾನೆ. ಇನ್ನೊಂದು ಕೂಸು ಸತ್ರೆ ಯಾವ ಮೇಕೆ ಕೊಡ್ಲಿ?"

ದಾಟಿಬಿಟ್ಟಳು. ಸುಣ್ಣದ ಕಲ್ಲು ತಗುಲಿ ಅವಳ ಲಂಗದ ಅಂಚು ಬೆಳ್ಳಗಾಯಿತು. ಅಟಾರಾ ಅಲ್ಲೇ ನೆಲಕ್ಕೆ ಕೂತು ಕೈ ಚಾಚಿದಳು. ತಿರ್ಚಾ ಕೂಸನ್ನು ಅವಳ ಮಡಿಲಿಗೆ ಇಟ್ಟಳು, ಈ ಸಲ ಪಕ್ಕದಲ್ಲೇ ಕೂತಳು, ತನ್ನ ಹೊದಿಕೆಯನ್ನು ಬಿಚ್ಚಿ ಇಬ್ಬರ ಮೇಲೂ ಹೊದಿಸಿದಳು. ಗಾಳಿ ತಣ್ಣಗಿತ್ತು.

ಯಾಮೀನ ಎರಡು ಕಡೆಯೂ ಕುಡಿದು ಮಲಗಿದ ಮೇಲೆ ಗಾರೇಬನನ್ನು ಬಿಟ್ಟು ಎಲ್ಲರೂ ಊರ ಬಾಗಿಲಿಗೆ ಬಂದರು. ಮಹ್ಲಿ ತನ್ನ ಕಲ್ಲಿನ ಮೇಲೆ ಕೂತ. ಅವನಿಗೆ ಎಲ್ಲ ಗೊತ್ತಿತ್ತು, ಆದರೂ ಕೇಳಲೇಬೇಕಲ್ಲ.

"ಯಾರಮ್ಮ ನೀನು?"

"ಬಂದಿದ್ದು ಕೂಸನ್ನ ಬಿಡೋಕೆ" ಅಂದಳು ತಿರ್ಚಾ. "ನಾನು ಹೊರಗೇ ಕೂರ್ತೀನಿ ಬೇಕಾದ್ರೆ."

"ಅದಲ್ಲ ನಾನು ಕೇಳಿದ್ದು."

ತಿರ್ಚಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಗ ಸತ್ತ ದಿನದಿಂದ ಅವಳು ಅತ್ತಿರಲಿಲ್ಲ. ಊರಿನಲ್ಲಿ ಗ್ರಂಥ ಬಲ್ಲವರು ಆಮೇಲೆ ಹೇಳಿದರು, ಕಾನೂನಿನ ಪ್ರಕಾರ ಅವಳು ಏನೂ ಹೇಳಬೇಕಾಗಿರಲಿಲ್ಲವಂತೆ, ಮಗನನ್ನು ಊಟಕ್ಕೆ ಕರೆಯಲು ಕಳಿಸಿದ ತಾಯಿ ಯಾವ ಲೆಕ್ಕದಲ್ಲೂ ಕೊಲೆಗಾತಿ ಅಲ್ಲವಂತೆ. ಇರಬಹುದು. ಆ ಹೊತ್ತಿಗೆ ಅವರು ಯಾರೂ ಅಲ್ಲಿರಲಿಲ್ಲ.

"ಕೊಂದವಳು" ಅಂದಳು ತಿರ್ಚಾ.

ಈರುಳ್ಳಿಯ ಹೆಂಗಸು ಬಾಯಿ ತೆರೆದಳು, ಮಹ್ಲಿ ಕೈ ಅಡ್ಡ ಮಾಡಿದ. ಅವನು ಅಟಾರಾಳ ಕಡೆ ನೋಡುತ್ತಿದ್ದ.

"ಊರಿನೋರು ಹೇಳ್ಬೇಕಲ್ವಾ ತಾತ" ಅಂದಳು ಅಟಾರಾ. "ನಾನು ಊರಿನವಳಾ?"

"ನಿನ್ನ ತಗೊಂಡಾಯ್ತಲ್ಲ. ಇನ್ಯಾವೂರೋಳು ನೀನು?"

ತಾನು ಸಾಯಿಸಿದ ಹುಡುಗನ ತಾಯಿಗೆ ಆ ಮಾತು ಹೇಳುವ ಬಾಯಿ ತನಗಿದೆಯೇ ಎಂದು ಅಟಾರಾಗೆ ತಿಳಿಯಲಿಲ್ಲ. ನಾಚಿಕೆಗೆ ನೆಲ ಬಿರಿಯಬಾರದೇ ಅನ್ನಿಸಿತು. ಕೂಸು ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು.

"ಆದರೂ ಬಾ ಅಕ್ಕ."

ಆಗ ತಿರ್ಚಾ ಅತ್ತಳು. ಮಗನ ಹೆಸರು ಹಿಡಿದು, ಬಾಗಿಲಿಗೆ ಆನಿಕೊಂಡು, ಊರಿಗೆ ಊರೇ ಕೇಳುವ ಹಾಗೆ ಅತ್ತಳು. ಯಾರೂ ಸುಮ್ಮನಿರು ಅನ್ನಲಿಲ್ಲ.

ಗಾರೇಬ ಹೊತ್ತು ಇಳಿಯುವವರೆಗೂ ಎಲ್ಲೆಗಲ್ಲಿನ ಆಚೆ ನಿಂತಿದ್ದ. ಮಹ್ಲಿ ಒಂದು ಸಲ ಅಲ್ಲಿಗೆ ಹೋಗಿ, ಕಲ್ಲಿನ ಈಚೆಯಿಂದ ಕೇಳಿದನಂತೆ, "ಯಾರಪ್ಪ ನೀನು?" ಎಂದು. ಗಾರೇಬನ ತುಟಿ ಅಲುಗಿತಂತೆ. ಮುದುಕ ಕಾದ, ಕೆಮ್ಮಿದ, ಮತ್ತೆ ಕಾದ. ಮಾತು ಹೊರಡಲಿಲ್ಲ. ಕಡಿದ ಕೊಂಬೆಯನ್ನು ಅಲ್ಲೇ ಬಿಟ್ಟು ಅವನು ಹಳ್ಳಿಯ ದಾರಿ ಹಿಡಿದ.

ಹದಿನೈದು ದಿನದ ಮೇಲೆ ಉಪ್ಪು ಮಾರುವವನೊಬ್ಬ ಆ ಕಡೆಯಿಂದ ಬಂದ. ತಿರ್ಚಾ ಬಾಗಿಲಲ್ಲಿ ಕೂತು ಈರುಳ್ಳಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಅಟಾರಾ ಕೂಸಿಗೆ ಹಾಲೂಡುತ್ತಿದ್ದಳು. ಗಾರೇಬ ಹೇಗಿದ್ದಾನೆ ಎಂದು ಇಬ್ಬರೂ ಕೇಳಲಿಲ್ಲ. ಉಪ್ಪಿನವನೇ ಹೇಳಿದ.

"ಇನ್ನೂ ಬಿತ್ತಿಲ್ಲ ಕಣಮ್ಮ. ಕುರಿದೊಡ್ಡಿ ಗೋಡೆ ಕೆಡವಿದಾನೆ, ಕುರಿಗಳೆಲ್ಲ ಕಂಡೋರ ಹೊಲದಲ್ಲಿ. ಮಳೇಲಿ ನೆಂದ್ಕೊಂಡು ಒಬ್ಬನೇ ಮಾಳಿಗೆ ಮೇಲೆ ಕಟ್ಟೆ ಕಟ್ತಿದಾನೆ. ಇರೋನು ಒಬ್ಬ, ಅದೂ ಕೆಳಗೆ ಮಲಗ್ತಾನೆ. ಯಾರಿಗೆ ಅಂತ ಕಟ್ತಾನೋ."

ತಿರ್ಚಾ ಈರುಳ್ಳಿ ಬಿಡಿಸುತ್ತಲೇ ಇದ್ದಳು. ಬಿಡಿಸಿದ್ದನ್ನು ಬುಟ್ಟಿಗೆ ಹಾಕಿ ಕೇಳಿದಳು.

"ಎಷ್ಟೆತ್ತರ ಬಂದಿದೆ?"

ಉಪ್ಪಿನವನು ಕೈಯನ್ನು ತನ್ನ ಸೊಂಟಕ್ಕೆ ಹಿಡಿದು ತೋರಿಸಿದ. ಆರು ವರ್ಷದ ಹುಡುಗನ ತಲೆ ಬರುವಷ್ಟು ಎತ್ತರ.